ಫೋನ್ ಕದ್ದಾಲಿಕೆ ಕಾನೂನು: ಅಧಿಕಾರದಲ್ಲಿರುವವರಿಗೂ ಲಗಾಮು ಇದೆಯೇ?

ಫೋನ್ ಕದ್ದಾಲಿಕೆಯ ಸುದ್ದಿ ಬಂದಾಗಲೆಲ್ಲ ವಿರೋಧ ಪಕ್ಷ ತನಿಖೆ ಕೇಳುತ್ತದೆ. ಸರ್ಕಾರ ‘ಎಲ್ಲ ಕಾನೂನು ಪ್ರಕಾರವೇ ನಡೆದಿದೆ’ ಎನ್ನುತ್ತದೆ. ಸರ್ಕಾರ ಬದಲಾದರೆ ಮಾತೂ ಅದಲು ಬದಲು. ಹಾಗಾದರೆ ಆ ಕಾನೂನು ಏನು ಹೇಳುತ್ತದೆ?

ಮೂಲ 1885ರ ಟೆಲಿಗ್ರಾಫ್ ಕಾಯ್ದೆ. ಬ್ರಿಟಿಷರು ಹೋದರು, ಕಾಯ್ದೆ ಉಳಿಯಿತು. ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆ ಬಂದರೆ ಮಾತ್ರ ಕದ್ದು ಕೇಳಬಹುದು ಎನ್ನುತ್ತಿತ್ತು ಅದರ 5(2)ನೇ ಸೆಕ್ಷನ್. ಹೇಗೆ ಕೇಳಬೇಕು, ಎಷ್ಟು ದಿನ ಕೇಳಬೇಕು ಎಂಬ ನಿಯಮವನ್ನು ಮಾತ್ರ ನೂರು ವರ್ಷ ದಾಟಿದರೂ ಯಾರೂ ಬರೆಯಲಿಲ್ಲ.

ಅದರ ಬಿಸಿ ಮೊದಲು ಜೋರಾಗಿ ತಟ್ಟಿದ್ದು ನಮ್ಮ ರಾಜ್ಯಕ್ಕೇ. ರಾಜಕಾರಣಿಗಳ ಫೋನ್ ಟ್ಯಾಪ್ ಆಗಿದೆ ಎಂಬ ಆರೋಪ ಎದ್ದಾಗ, 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಅವರನ್ನು ಇಳಿಸಿದ್ದು ಕೋರ್ಟ್ ಅಲ್ಲ, ರಾಜಕೀಯದ ಒತ್ತಡ.

ರಾಜಕಾರಣಿಗಳ ಫೋನ್ ಟ್ಯಾಪಿಂಗ್ ಬಗ್ಗೆ ಸಿಬಿಐ ಕೊಟ್ಟ ವರದಿಯೊಂದು 1991ರಲ್ಲಿ ಪತ್ರಿಕೆಯಲ್ಲಿ ಬಂತು. ಅದನ್ನು ಹಿಡಿದು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟ್‌ಗೆ ಹೋಯಿತು. 1996ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಫೋನ್ ಮಾತು ಖಾಸಗಿತನದ ಹಕ್ಕಿನೊಳಗೇ ಬರುತ್ತದೆ ಎಂದಿತು ಕೋರ್ಟ್. ಆದೇಶ ಹೊರಡಿಸುವ ಅಧಿಕಾರ ಗೃಹ ಕಾರ್ಯದರ್ಶಿಗೆ, ಅದರ ಮೇಲೆ ಒಂದು ಪರಿಶೀಲನಾ ಸಮಿತಿ ಎಂದೂ ಗೊತ್ತುಮಾಡಿತು. ಮೊದಲೇ ನ್ಯಾಯಾಧೀಶರ ಅನುಮತಿ ಪಡೆಯಬೇಕೆಂಬ ಬೇಡಿಕೆಯನ್ನು ಮಾತ್ರ ಒಪ್ಪಲಿಲ್ಲ. ಕಾಯ್ದೆಯಲ್ಲಿ ಇಲ್ಲದ್ದನ್ನು ತಾನು ಸೇರಿಸಲಾಗದು ಎಂದಿತು. ಇಡೀ ಕಥೆ ತಿರುಗಿದ್ದು ಅಲ್ಲೇ ಎನಿಸುತ್ತದೆ.

ಏಕೆಂದರೆ ಆ ಸಮಿತಿಯಲ್ಲಿ ಯಾರಿದ್ದಾರೆ ನೋಡಿ. 2007ರ ನಿಯಮದ ಪ್ರಕಾರ ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ದೂರಸಂಪರ್ಕ ಕಾರ್ಯದರ್ಶಿ. ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ಜೊತೆಗೆ ಇನ್ನೊಬ್ಬ ಕಾರ್ಯದರ್ಶಿ. ಹೊರಗಿನವರು ಒಬ್ಬರೂ ಇಲ್ಲ. ಆದೇಶಕ್ಕೆ ಸಹಿ ಹಾಕುವವರೂ ಅದನ್ನು ಪರಿಶೀಲಿಸುವವರೂ ಒಂದೇ ಸರ್ಕಾರದ ಅಧಿಕಾರಿಗಳು. ಅವರ ವರ್ಗಾವಣೆ ಯಾರ ಕೈಯಲ್ಲಿದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಸಮಿತಿ ಎರಡು ತಿಂಗಳಿಗೊಮ್ಮೆ ಸೇರಬೇಕು. ಒಂದೊಂದು ಸಭೆಯಲ್ಲೂ 15,000ದಿಂದ 18,000 ಆದೇಶಗಳನ್ನು ನೋಡಬೇಕಾಗುತ್ತದೆ ಎಂದು ದತ್ತಾಂಶ ರಕ್ಷಣೆಯ ಕಾನೂನಿಗಾಗಿ ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ 2018ರಲ್ಲಿ ಬರೆಯಿತು. ಎಂಟು ಗಂಟೆ ಎದ್ದೇಳದೆ ಕೂತರೂ ಒಂದು ಆದೇಶಕ್ಕೆ ಎರಡು ಸೆಕೆಂಡ್ ಕೂಡ ಸಿಗುವುದಿಲ್ಲ. ಇದನ್ನು ಪರಿಶೀಲನೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಆಮೇಲಿನ ವರ್ಷಗಳಲ್ಲಿ ದೊಡ್ಡ ಮಾತುಗಳು ಬಂದವು. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಎರಡೇ ವರ್ಷದಲ್ಲಿ ಬೆಂಗಳೂರಲ್ಲಿ ಮತ್ತೆ ಕದ್ದಾಲಿಕೆ ಆರೋಪ, ತನಿಖೆ ಸಿಬಿಐಗೆ. 2021ರಲ್ಲಿ ಫೋನಿನೊಳಗೆ ನುಸುಳಿ ಬೇಹು ನಡೆಸುವ ಪೆಗಾಸಸ್ ತಂತ್ರಾಂಶದ ಗಲಾಟೆ. ಸುಪ್ರೀಂ ಕೋರ್ಟ್ ಸಮಿತಿ ನೇಮಿಸಿತು. ಸರ್ಕಾರ ಆ ಸಮಿತಿಗೆ ಸಹಕರಿಸಲಿಲ್ಲ ಎಂದು 2022ರಲ್ಲಿ ಕೋರ್ಟ್‌ನಲ್ಲೇ ಹೇಳಲಾಯಿತು.

2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ, 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮ. ಹಳೆಯದನ್ನು ಕಿತ್ತು ಹೊಸದಾಗಿ ಕಟ್ಟಲು ಒಳ್ಳೆಯ ಅವಕಾಶವಿತ್ತು. ಆದರೆ ಪರಿಶೀಲನಾ ಸಮಿತಿ ಕಾರ್ಯದರ್ಶಿಗಳದ್ದೇ ಉಳಿಯಿತು. ಅದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಸರ್ಕಾರ ತಾನು ಬಯಸಿದ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ದಾರಿ ಬಿಟ್ಟಿದೆ. 1885ರ ಕಾಯ್ದೆ ತಂದ ಬ್ರಿಟಿಷರು ತಮ್ಮ ದೇಶದಲ್ಲಿ 2016ರಲ್ಲೇ ಬದಲಾದರು. ಅಲ್ಲಿ ಮಂತ್ರಿ ಸಹಿ ಹಾಕಿದರೆ ಸಾಲದು, ನ್ಯಾಯಾಂಗ ಆಯುಕ್ತರೂ ಒಪ್ಪಬೇಕು.

ಕಾಗದದ ಮೇಲೆ ನಮ್ಮ ಕಾನೂನು ಎಲ್ಲರಿಗೂ ಒಂದೇ. ಆದರೆ ಅದು ಪ್ರಶ್ನಿಸುವುದು ಸಹಿ ಹಾಕಿದ ಅಧಿಕಾರಿಯನ್ನು. ಬಾಯಿಮಾತಲ್ಲಿ ಹೇಳಿ ಮಾಡಿಸಿದ್ದರೆ ಅದು ಫೈಲಿಗೇ ಬರುವುದಿಲ್ಲ. ತನ್ನ ಫೋನ್ ಟ್ಯಾಪ್ ಆಗಿತ್ತು ಎಂದು ಆ ವ್ಯಕ್ತಿಗೆ ಆಮೇಲಾದರೂ ತಿಳಿಸಬೇಕು ಎಂಬ ನಿಯಮವೂ ಇಲ್ಲ. ಗೊತ್ತೇ ಆಗದವರು ಯಾವ ಕೋರ್ಟ್‌ಗೆ ಹೋಗುತ್ತಾರೆ?