ಅಂಬಾರಿಯಲ್ಲಿ ಕೂತವರು ಯಾರು? ಅಸ್ಮಿತೆ ಪಾಠಕ್ಕೊಂದು ಟಿಪ್ಪಣಿ

ಮಂಡ್ಯದ ಬಸ್ಸಿನಲ್ಲಿ ಪಕ್ಕದ ಸೀಟಿನವರು ಮೊದಲು ಕೇಳುವುದೇ ‘ಯಾವೂರಾಯ್ತು ನಿಮ್ದು?’ ಅಂತ. ‘ಮಳವಳ್ಳಿ ಹತ್ರ’ ಎನ್ನುತ್ತೇನೆ. ಹುಬ್ಬಳ್ಳಿಯಲ್ಲಿ ಯಾರಾದರೂ ಕೇಳಿದರೆ ‘ಮೈಸೂರು ಕಡೆ’. ದೆಹಲಿಯಲ್ಲಾದರೆ ‘ಕರ್ನಾಟಕ’. ಮೂರೂ ನಿಜವೇ. ಕೇಳಿದವರು ಯಾರು, ಕೇಳಿದ್ದು ಎಲ್ಲಿ ಅನ್ನುವುದನ್ನು ನೋಡಿ ನಮ್ಮ ಉತ್ತರ ಬದಲಾಗುತ್ತದೆ. ಪಾಠದಲ್ಲಿ ‘ಅಸ್ಮಿತೆ’ ಎಂಬ ದೊಡ್ಡ ಪದ ಬಂದಾಗ ಗಾಬರಿ ಬೇಡ. ನಾನು ಯಾರು, ನಾವು ಯಾರು ಎಂಬ ಪ್ರಶ್ನೆಗೆ ನಮಗೆ ನಾವೇ ಕೊಟ್ಟುಕೊಳ್ಳುವ ಉತ್ತರ ಅದು. ಆ ಉತ್ತರ ನಮಗೆ ಹಬ್ಬದಲ್ಲಿ, ಬಾವುಟದಲ್ಲಿ, ಹಾಡಿನಲ್ಲಿ ಸಿಗುತ್ತದೆ. ಹೇಳುವವರು ಬದಲಾದಂತೆ ಅದೂ ಬದಲಾಗುತ್ತದೆ.

ದಸರಾವನ್ನೇ ತೆಗೆದುಕೊಳ್ಳಿ. ಮಹಾನವಮಿಯ ಈ ವೈಭವ ಮೊದಲು ವಿಜಯನಗರದ್ದು. ಹಂಪಿಯ ಮಹಾನವಮಿ ದಿಬ್ಬ ಈಗಲೂ ನಿಂತಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಕೈವಶ ಮಾಡಿಕೊಂಡು ಅಲ್ಲಿ ದಸರಾ ಆರಂಭಿಸಿದರು. ಸುಮ್ನೆ ಸಂಭ್ರಮಕ್ಕೆ ಮಾಡಿದ ಹಬ್ಬ ಅಲ್ಲ ಅದು. ವಿಜಯನಗರದ ವಾರಸುದಾರರು ಇನ್ನು ನಾವೇ ಎಂದು ಊರಿಗೆಲ್ಲ ಸಾರಿದ ರೀತಿ. 1799ರ ನಂತರ ರಾಜಧಾನಿಯ ಜೊತೆಗೆ ಹಬ್ಬವೂ ಮೈಸೂರಿಗೆ ಬಂತು. ಜಂಬೂ ಸವಾರಿಯ ಅಂಬಾರಿಯಲ್ಲಿ ಮಹಾರಾಜರೇ ಕೂರುತ್ತಿದ್ದರು.

ಈಗ ಗಮನಿಸಬೇಕಾದ ಜಾಗಕ್ಕೆ ಬಂದೆವು. ರಾಜರ ಆಳ್ವಿಕೆ ಹೋಯಿತು, 1971ರಲ್ಲಿ ಮಾಜಿ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನವೂ ರದ್ದಾಯಿತು. ಹಬ್ಬ ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಸುಮಾರು 750 ಕೆ.ಜಿ. ತೂಕದ ಅದೇ ಚಿನ್ನದ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ವಿಗ್ರಹ ಬಂದು ಕೂತಿತು. ಅರಮನೆಯ ಹಬ್ಬ ನಾಡಹಬ್ಬ ಆಯಿತು. ಆನೆ ಅದೇ, ದಾರಿ ಅದೇ, ಬೆಳಿಗ್ಗೆಯಿಂದ ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡು ಕಾಯುವ ಜನವೂ ಅದೇ. ಆದರೆ ಕೈಮುಗಿಯುತ್ತಿರುವುದು ರಾಜನಿಗಲ್ಲ, ತಾಯಿಗೆ. ‘ಸಂಪ್ರದಾಯ ಎಂದರೆ ಬದಲಾಗದೆ ಉಳಿದದ್ದು’ ಎಂದು ಬರೆಯುವ ಮುಂಚೆ ಈ ಅಂಬಾರಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಬದಲಾಗಿದ್ದರಿಂದಲೇ ಅದು ಉಳಿಯಿತು ಎಂದು ನಾನು ನಂಬಿದ್ದೇನೆ.

ಇನ್ನು ದೇಶ ಎಂಬ ಗುರುತು. ಇದಕ್ಕೆ ಮದ್ದೂರಿನ ಪಕ್ಕದ ಶಿವಪುರಕ್ಕಿಂತ ಒಳ್ಳೆ ಉದಾಹರಣೆ ಬೇರೆ ಬೇಡ. 1938ರ ಏಪ್ರಿಲ್‌ನಲ್ಲಿ ಅಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ. ಕಾಂಗ್ರೆಸ್ಸಿನ ಬಾವುಟ ಹಾರಿಸಬಾರದೆಂದು ಸಂಸ್ಥಾನದ ಸರ್ಕಾರ ನಿಷೇಧ ಹಾಕಿತ್ತು. ಕಾಂಗ್ರೆಸ್ ಮುಖಂಡ ಟಿ. ಸಿದ್ಧಲಿಂಗಯ್ಯನವರು ಹಾರಿಸಿಯೇ ಬಿಟ್ಟರು, ಬಂಧನಕ್ಕೂ ಒಳಗಾದರು. ನೆನಪಿಡಿ, ಆಗ ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಕನ್ನಂಬಾಡಿ ಕಟ್ಟೆಯ ನೀರು ಕಂಡ ಮಂಡ್ಯದ ರೈತ ಅವರನ್ನು ದೇವರಂತೆ ಕಾಣುತ್ತಿದ್ದ. ಅಂಥ ರೈತರ ನಾಡಿನಲ್ಲೇ ಅವರ ಸರ್ಕಾರದ ಆಜ್ಞೆ ಮುರಿದರು. ಇದು ದ್ರೋಹವೂ ಅಲ್ಲ, ಗೊಂದಲವೂ ಅಲ್ಲ. ಒಬ್ಬನೇ ಮನುಷ್ಯ ಮೈಸೂರಿನವನೂ ಆಗಿದ್ದ, ಭಾರತದವನೂ ಆಗಿದ್ದ. ಅದೇ ತಿಂಗಳು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಗಿ ಜೀವಗಳು ಹೋದವು. ಆಮೇಲೆ ಸರ್ದಾರ್ ಪಟೇಲರು ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತುಕತೆ ನಡೆಸಿದರು. ಕೊನೆಗೆ ಒಪ್ಪಂದವಾಗಿದ್ದು ಏನಕ್ಕೆ ಗೊತ್ತಾ? ಸಮಾರಂಭಗಳಲ್ಲಿ ಮೈಸೂರಿನ ಬಾವುಟ, ಕಾಂಗ್ರೆಸ್ಸಿನ ಬಾವುಟ ಎರಡನ್ನೂ ಜೊತೆಗೆ ಹಾರಿಸುವುದಕ್ಕೆ. ಒಂದು ಮನಸ್ಸಿನಲ್ಲಿ ಎರಡು ಗುರುತು ಹೇಗೆ ಇರುತ್ತವೆ ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ಬಾವುಟಗಳನ್ನೇ ತೋರಿಸುತ್ತೇನೆ.

ಹೆಸರಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. 1956ರಲ್ಲಿ ಏಕೀಕರಣ ಆದಾಗಲೂ ರಾಜ್ಯದ ಹೆಸರು ಮೈಸೂರು ಎಂದೇ ಇತ್ತು. 1973ರ ನವೆಂಬರ್ 1ರಂದು ಕರ್ನಾಟಕ ಆಯಿತು. ಆಗ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸು ಮೈಸೂರು ಜಿಲ್ಲೆಯವರೇ. ಬೀದರಿನವರೂ ಮಂಗಳೂರಿನವರೂ ‘ನಮ್ಮದು’ ಅನ್ನಬೇಕಾದರೆ ನಮ್ಮ ಕಡೆಯವರು ತಮ್ಮ ಹೆಸರನ್ನು ಬಿಟ್ಟುಕೊಡಬೇಕಿತ್ತು.

ಫ್ರಾನ್ಸಿನ ಚಿಂತಕ ಅರ್ನೆಸ್ಟ್ ರೆನಾನ್ 1882ರ ಒಂದು ಉಪನ್ಯಾಸದಲ್ಲಿ, ರಾಷ್ಟ್ರ ಕಟ್ಟಲು ಒಟ್ಟಾಗಿ ನೆನೆಯುವುದು ಎಷ್ಟು ಮುಖ್ಯವೋ ಒಟ್ಟಾಗಿ ಮರೆಯುವುದೂ ಅಷ್ಟೇ ಮುಖ್ಯ ಎಂಬ ಅರ್ಥದ ಮಾತು ಹೇಳಿದ. ಇದನ್ನು ಓದಿದ ದಿನ ನನಗೆ ನೆನಪಾದದ್ದು ಅಜ್ಜಿಯ ಮನೆಯ ಜಗಲಿ. ಅರಮನೆ, ಅಧಿವೇಶನ ಎಲ್ಲ ಪುಸ್ತಕದಲ್ಲಿವೆ. ಜಗಲಿಯ ಮೇಲೆ ಕೂತು ರಾತ್ರಿಯಿಡೀ ಹಾಡುತ್ತಿದ್ದ ನೀಲಗಾರರು ನಮ್ಮ ಶಾಲೆಯ ಪಾಠದಲ್ಲಿ ಇರಲಿಲ್ಲ.

ನೀಲಗಾರರು ಮಂಟೇಸ್ವಾಮಿ ಎಂಬ ಜನಪದ ಗುರುವಿನ ಒಕ್ಕಲು. ದೀಕ್ಷೆ ಪಡೆದು ಹಾಡುವವರು. ಮುಖ್ಯ ಹಾಡುಗಾರ ತಂಬೂರಿ ಮೀಟುತ್ತಾನೆ, ಇನ್ನೊಂದು ಕೈಯಲ್ಲಿ ಗಲಗಲ ಎನ್ನುವ ಗಗ್ಗರ. ಜೊತೆಯವರು ದಮ್ಮಡಿ ಎಂಬ ಚರ್ಮವಾದ್ಯ ಬಡಿಯುತ್ತಾರೆ, ದನಿಗೂಡುತ್ತಾರೆ. ಕತೆಯ ಒಂದೊಂದು ಭಾಗಕ್ಕೆ ‘ಸಾಲು’ ಎನ್ನುತ್ತಾರೆ. ಬಸವಣ್ಣನ ಕಲ್ಯಾಣ ಪಟ್ಟಣದ ಕತೆ ಹೇಳುವ ‘ಕಲ್ಯಾಣದ ಸಾಲಿ’ನಲ್ಲಿ ಮಂಟೇಸ್ವಾಮಿ ಕೊಳಕು ವೇಷ ಹಾಕಿಕೊಂಡು ಬರುತ್ತಾನೆ. ಶರಣರಿಗೇ ಅವನ ಗುರುತು ಸಿಗುವುದಿಲ್ಲ. ತಿಪ್ಪೆಯ ಮೇಲೆ ಬಿದ್ದವನೇ ಗುರು ಎಂದು ಹಾಡು ಹೇಳುತ್ತದೆ. ಇಲ್ಲಿ ಅಂಬಾರಿ ಇಲ್ಲ. ನಡುವೆ ಕೂತಿರುವವನು ಎಲ್ಲರೂ ಮೂಗು ಮುಚ್ಚಿಕೊಂಡು ದೂರ ಸರಿಯುವ ಮನುಷ್ಯ. ಅವನ ಶಿಷ್ಯ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಪಂಕ್ತಿಸೇವೆಯ ದಿನ ಎಲ್ಲ ಜಾತಿಯವರು ಸಾಲಾಗಿ ಕೂತು ಉಣ್ಣುತ್ತಾರೆ. ಹಾಡು ಬಾಯಲ್ಲಿ ಹೇಳಿದ್ದನ್ನು ಊಟ ಎಲೆಯ ಮೇಲೆ ಬಡಿಸುತ್ತದೆ.

ದಸರೆಯ ಜೊತೆಗೆ ಇದನ್ನೂ ಇಟ್ಟು ಓದಿ. ಎರಡೂ ಮೈಸೂರು ಸೀಮೆಯ ಸಂಸ್ಕೃತಿಯೇ. ಉತ್ತರ ಬರೆಯುವಾಗ ಒಂದನ್ನು ‘ಕಲೆ’, ಇನ್ನೊಂದನ್ನು ‘ಜಾನಪದ’ ಎಂದು ಬೇರೆ ಬೇರೆ ಪುಟಕ್ಕೆ ಹಾಕಬೇಡಿ. ಯಾವ ಕತೆಯಲ್ಲಿ ನಡುವೆ ಯಾರು ಕೂತಿದ್ದಾರೆ ಎಂದು ಕೇಳಿ. ನಮ್ಮ ಅರ್ಧ ಪಾಠ ಅಲ್ಲೇ ಬಿಚ್ಚಿಕೊಳ್ಳುತ್ತದೆ.

ನನ್ನ ಮಟ್ಟಿಗೆ ಈ ಪಾಠ ಶುರುವಾಗಿದ್ದು ಕನಕಪುರದ ಕಡೆ ಹೋಗುವ ಬಸ್ಸಿನಲ್ಲಿ, ಏಳೆಂಟು ವರ್ಷದವನಿದ್ದಾಗ. ನೀಲಗಾರರ ಒಂದು ಸಾಲಿನಲ್ಲಿ, ಗುರುವಿನ ಮಾತಿನಂತೆ ಸಿದ್ದಪ್ಪಾಜಿ ಕಮ್ಮಾರಿಕೆ ಮಾಡುವ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ಕೇಳಲು ಹಲಗೂರಿಗೆ ಹೋಗುತ್ತಾನೆ. ಅವರು ಕೊಡದೆ ಅವನನ್ನು ಒಂದರ ಮೇಲೊಂದು ಪವಾಡಕ್ಕೆ ಒಡ್ಡುತ್ತಾರೆ. ಆ ಸಾಲು ಕೇಳಿ ನಾನು ಅತ್ತಿದ್ದೆ. ಬಸ್ಸು ಹಲಗೂರಿನಲ್ಲಿ ನಿಂತಾಗ ಅಜ್ಜಿ ಕಿಟಕಿಯ ಆಚೆ ಕೈ ಚಾಚಿ, ‘ಇಲ್ಲೇ ಕಣ್ಲಾ, ಅಪ್ಪಾಜಿ ಕಬ್ಬಿಣ ಕೇಳಿದ್ದು’ ಅಂದರು. ನಾನು ಎದ್ದು ನಿಂತು ನೋಡಿದೆ. ಒಂದು ಟೀ ಅಂಗಡಿ, ಎರಡು ಸೈಕಲ್ಲು, ಕಬ್ಬು ತುಂಬಿದ ಗಾಡಿ ಇತ್ತು. ಬಸ್ಸು ಹೊರಟ ಮೇಲೂ ಕಿಟಕಿ ಬಿಡದೆ ನೋಡುತ್ತಲೇ ಇದ್ದೆ.