ಎರಡು ಡ್ರೈವ್, ಒಂದೇ ಜಂಪರ್: ಫ್ಲಾಪಿ ಕೇಬಲ್‌ನ ತಿರುಚು ಬಿಡಿಸಿಕೊಂಡ ಟಿಪ್ಪಣಿ

ಫ್ಲಾಪಿ ಡ್ರೈವ್‌ನ ಮೋಟಾರ್ ತಿರುಗುತ್ತಿತ್ತು, ಅದರ ದೀಪ ಮಾತ್ರ ಹೊತ್ತಿರಲಿಲ್ಲ. ನಿನ್ನೆ ರಾತ್ರಿಯವರೆಗೂ ಇದರ ಅರ್ಥ ನನಗೆ ಹೊಳೆದಿರಲಿಲ್ಲ. ಇಂದು ಬೆಳಿಗ್ಗೆ ಕೇಬಲ್‌ನ ಏಳು ತಂತಿಗಳಿಗೆ ಹಾಳೆಯ ಮೇಲೆ ಏಳು ಗೆರೆ ಎಳೆದು ಒಂದೊಂದನ್ನೇ ಬೆರಳಿಟ್ಟು ಹಿಂಬಾಲಿಸಿದಾಗ ಗೊತ್ತಾಯಿತು. ತಲೆಯಲ್ಲಿ ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಹಳೆಯ ಪಿಸಿಗಳನ್ನು ಬಿಚ್ಚಿ ಕಲಿಯುತ್ತಿರುವ ಇನ್ನೊಬ್ಬರಿಗೆ ನಾನು ಕಳೆದ ಎರಡು ಸಂಜೆಗಳು ಉಳಿಯಲಿ.

ನನ್ನ ಮುಂದಿರುವುದು ಐಬಿಎಂ ಪಿಸಿ ಎಕ್ಸ್‌ಟಿಗೆ ಹೊಂದಿಕೊಳ್ಳುವ ಒಂದು ಹಳೆಯ ಯಂತ್ರ. ಐದೂಕಾಲು ಇಂಚಿನ ಎರಡು 360 ಕೆಬಿ ಡ್ರೈವ್‌ಗಳಿವೆ, ಇಬ್ಬರು ಬೇರೆ ಬೇರೆ ತಯಾರಕರವು. ಇಲ್ಲಿ ಬರೆದ ಬಹುಪಾಲು ಸಂಗತಿ 1981ರ ಆಗಸ್ಟ್‌ನಲ್ಲಿ ಬಂದ ಮೊದಲ ಐಬಿಎಂ ಪಿಸಿ 5150ಕ್ಕೂ ಅನ್ವಯಿಸುತ್ತದೆ.

ಸಾಮರ್ಥ್ಯದ ಲೆಕ್ಕ

ಇದು ಬರೀ ಗುಣಾಕಾರ. ಮೊದಲ ಡ್ರೈವ್‌ಗಳು ತಟ್ಟೆಯ ಒಂದೇ ಮಗ್ಗುಲನ್ನು ಬಳಸುತ್ತಿದ್ದವು: 40 ಟ್ರ್ಯಾಕ್ (ವೃತ್ತಾಕಾರದ ಪಥ), ಪ್ರತಿ ಟ್ರ್ಯಾಕ್‌ಗೆ 8 ಸೆಕ್ಟರ್ (ಪಥದ ತುಂಡು), ಪ್ರತಿ ಸೆಕ್ಟರ್‌ಗೆ 512 ಬೈಟ್, ಒಟ್ಟು 160 ಕೆಬಿ. ಈ ಪಿಸಿಗಳನ್ನು ನಡೆಸುವ ಕಾರ್ಯಾಚರಣೆ ವ್ಯವಸ್ಥೆ ಡಾಸ್. 1982ರ ಡಾಸ್ 1.1 ಎರಡೂ ಮಗ್ಗುಲನ್ನು ಬಳಸಿತು, 320 ಆಯಿತು. 1983ರ ಡಾಸ್ 2.0 ಟ್ರ್ಯಾಕ್‌ಗೆ 9 ಸೆಕ್ಟರ್ ಹಾಕಿತು, 360 ಆಯಿತು. ಮುಂದೆ ಬಂದ 1.44 ಎಂಬಿಯೂ ಇದೇ ಲೆಕ್ಕ: 80 ಟ್ರ್ಯಾಕ್, 18 ಸೆಕ್ಟರ್, ಎರಡು ಮಗ್ಗುಲು.

ಬೋರ್ಡ್ ಮೇಲಿನ ಸ್ವಿಚ್‌ಗಳು

ಈ ಯಂತ್ರಗಳಿಗೆ ಸೆಟಪ್ ಪರದೆ ಇಲ್ಲ. ಎಷ್ಟು ಡ್ರೈವ್ ಇವೆ ಎಂಬುದನ್ನು ಮುಖ್ಯ ಬೋರ್ಡ್‌ನ ಪುಟ್ಟ ಸ್ವಿಚ್‌ಗಳ ಮೂಲಕವೇ ಹೇಳಬೇಕು. 5150ರಲ್ಲಿ ಎಂಟೆಂಟು ಸ್ವಿಚ್‌ಗಳ ಎರಡು ಸಾಲುಗಳಿವೆ, ನಮಗೆ ಬೇಕಾದದ್ದು ಮೊದಲ ಸಾಲು. ಅದರ 1ನೇ ಸ್ವಿಚ್ ಆಫ್ ಇದ್ದರೆ ಫ್ಲಾಪಿ ಡ್ರೈವ್ ಇದೆ ಎಂದರ್ಥ. ಎಷ್ಟು ಎಂಬುದನ್ನು 7 ಮತ್ತು 8 ಹೇಳುತ್ತವೆ. ಎರಡೂ ಆನ್ ಆದರೆ ಒಂದು ಡ್ರೈವ್. 7 ಆಫ್, 8 ಆನ್ ಆದರೆ ಎರಡು. 7 ಆನ್, 8 ಆಫ್ ಆದರೆ ಮೂರು. ಎರಡೂ ಆಫ್ ಆದರೆ ನಾಲ್ಕು. ಎಕ್ಸ್‌ಟಿಯಲ್ಲಿಯೂ 7 ಮತ್ತು 8ರ ಅರ್ಥ ಇದೇ. ಮೂರನೆಯ, ನಾಲ್ಕನೆಯ ಡ್ರೈವ್‌ಗಳು ಪೆಟ್ಟಿಗೆಯ ಹೊರಗೆ ಕೂರುತ್ತವೆ. ಡ್ರೈವ್‌ಗಳನ್ನು ನಿಯಂತ್ರಿಸುವ ಐಬಿಎಂ ಫ್ಲಾಪಿ ಕಾರ್ಡ್‌ನ ಹಿಂಬದಿಯಲ್ಲಿ ಅವಕ್ಕಾಗಿಯೇ 37 ಪಿನ್‌ಗಳ ಕನೆಕ್ಟರ್ ಇದೆ.

ಡಾಸ್ ಮೊದಲ ಡ್ರೈವ್ ಅನ್ನು ಎ, ಎರಡನೆಯದನ್ನು ಬಿ ಎಂದು ಕರೆಯುತ್ತದೆ. ಒಂದೇ ಡ್ರೈವ್ ಇದ್ದಾಗ ಬಿ ಎಂದು ಕೇಳಿದರೆ ಡಾಸ್ ದೋಷ ತೋರಿಸುವುದಿಲ್ಲ. ಬಿ ಡ್ರೈವ್‌ನ ಫ್ಲಾಪಿಯನ್ನು ಹಾಕಿ ಕೀಲಿ ಒತ್ತಿ ಎಂದು ಕೇಳಿ, ಅದೇ ಡ್ರೈವ್ ಅನ್ನೇ ಎರಡು ಹೆಸರಿನಿಂದ ಬಳಸುತ್ತದೆ. ಆದ್ದರಿಂದ ಬಿ ಉತ್ತರಿಸಿತು ಎಂದ ಮಾತ್ರಕ್ಕೆ ಎರಡನೆಯ ಡ್ರೈವ್ ಕೆಲಸ ಮಾಡುತ್ತಿದೆ ಎಂದು ನಂಬಬೇಡಿ. ದೀಪ ಎಲ್ಲಿ ಹೊತ್ತಿತು ಎಂದು ಕಣ್ಣಿಟ್ಟು ನೋಡಿ.

ತಿರುಚು

ಈಗ ನಾನು ಎಡವಿದ ಜಾಗ. ಎರಡೂ ಡ್ರೈವ್‌ಗಳ ಜಂಪರ್ (ಎರಡು ಪಿನ್‌ಗಳನ್ನು ಜೋಡಿಸುವ ಪುಟ್ಟ ಕೊಂಡಿ) ಅನ್ನು ಒಂದೇ ರೀತಿ, ಎರಡನೆಯ ಆಯ್ಕೆಯ ಸ್ಥಾನಕ್ಕೆ ಇಡಬೇಕು ಎಂದು ಎಲ್ಲೆಡೆ ಓದಿದ್ದೆ. ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟರೆ ಯಾರನ್ನು ಕರೆದರು ಎಂದು ಅವಕ್ಕೆ ತಿಳಿಯುವುದು ಹೇಗೆ?

ಮೊದಲು ಐಬಿಎಂಗಿಂತ ಹಿಂದಿನ ಪದ್ಧತಿ ನೋಡೋಣ. ಶುಗಾರ್ಟ್ ಸಂಸ್ಥೆ 1976ರಲ್ಲಿ ತಂದ ಎಸ್‌ಎ400 ಡ್ರೈವ್‌ನಿಂದ ಬಳಕೆಗೆ ಬಂದ 34 ತಂತಿಗಳ ಪಟ್ಟಿ ಕೇಬಲ್ ಅದು. ಬೆಸ ಸಂಖ್ಯೆಯ ತಂತಿಗಳೆಲ್ಲ ಗ್ರೌಂಡ್, ಸಮ ಸಂಖ್ಯೆಯವು ಸಂಕೇತ ಒಯ್ಯುತ್ತವೆ. ತಂತಿಯ ವೋಲ್ಟೇಜ್ ಸೊನ್ನೆಯ ಹತ್ತಿರಕ್ಕೆ ಇಳಿದರೆ ಅದು ಆಜ್ಞೆ. 10, 12, 14ನೇ ತಂತಿಗಳು ಮೊದಲನೆಯ, ಎರಡನೆಯ, ಮೂರನೆಯ ಡ್ರೈವ್ ಅನ್ನು ಆಯ್ಕೆ ಮಾಡುತ್ತವೆ. 16ನೇ ತಂತಿ ಮೋಟಾರ್‌ಗೆ, ಅದು ಎಲ್ಲರಿಗೂ ಒಂದೇ. ಒಂದು ಡ್ರೈವ್ ಬೇಕಾದರೂ ಎಲ್ಲ ಮೋಟಾರ್‌ಗಳೂ ಒಟ್ಟಿಗೆ ತಿರುಗುತ್ತವೆ. ಇಲ್ಲಿ ಪ್ರತಿ ಡ್ರೈವ್‌ಗೂ ತನ್ನದೇ ಜಂಪರ್ ಸ್ಥಾನ ಬೇಕು. ಇಷ್ಟು ಸರಳ.

ಐಬಿಎಂ ಇದೇ ಡ್ರೈವ್‌ಗಳನ್ನು ತೆಗೆದುಕೊಂಡಿತು, ಆದರೆ ನಿಯಂತ್ರಕ ಕಾರ್ಡ್‌ನ ಕಡೆಯಲ್ಲಿ ನಾಲ್ಕು ತಂತಿಗಳ ಅರ್ಥವನ್ನು ಹೀಗೆ ಹಂಚಿತು:

10: ಎ ಡ್ರೈವ್‌ನ ಮೋಟಾರ್
12: ಬಿ ಡ್ರೈವ್‌ನ ಆಯ್ಕೆ
14: ಎ ಡ್ರೈವ್‌ನ ಆಯ್ಕೆ
16: ಬಿ ಡ್ರೈವ್‌ನ ಮೋಟಾರ್

ಡ್ರೈವ್‌ಗಳಿಗೆ ಈ ಹಂಚಿಕೆಯ ಸುದ್ದಿಯೇ ಗೊತ್ತಿಲ್ಲ. ಎರಡನೆಯ ಆಯ್ಕೆಗೆ ಜಂಪರ್ ಹಾಕಿದ ಯಾವುದೇ ಡ್ರೈವ್ ತನ್ನ 12ನೇ ಪಿನ್‌ಗೆ ಕಿವಿಗೊಟ್ಟು ಕೂತಿರುತ್ತದೆ. 12ರಲ್ಲಿ ಕರೆ ಬಂದರೆ ತನ್ನನ್ನೇ ಕರೆದರು ಎಂದುಕೊಳ್ಳುತ್ತದೆ, 16ರಲ್ಲಿ ಕರೆ ಬಂದರೆ ಮೋಟಾರ್ ತಿರುಗಿಸುತ್ತದೆ. 10 ಮತ್ತು 14ರಲ್ಲಿ ಏನೇ ಬಂದರೂ ಅದಕ್ಕೆ ಸಂಬಂಧವಿಲ್ಲ.

ಕೇಬಲ್‌ನ ನಡುವಿನ ಕನೆಕ್ಟರ್‌ವರೆಗೆ ತಂತಿಗಳು ನೇರ. ಅಲ್ಲಿ ಕೂತ ಡ್ರೈವ್‌ನ 12ಕ್ಕೆ ಕಾರ್ಡ್‌ನ 12, ಅಂದರೆ ಬಿ ಆಯ್ಕೆ ಬರುತ್ತದೆ. 16ಕ್ಕೆ ಬಿ ಮೋಟಾರ್ ಬರುತ್ತದೆ. ಆದ್ದರಿಂದ ನಡುವಿನದು ಬಿ.

ನಡುವಿನ ಕನೆಕ್ಟರ್ ದಾಟಿದ ಮೇಲೆ 10ರಿಂದ 16ರವರೆಗಿನ ಏಳು ತಂತಿಗಳನ್ನು ಪಟ್ಟಿಯಿಂದ ಸೀಳಿ, ಮಗುಚಿ, ಮತ್ತೆ ಜೋಡಿಸಿರುತ್ತಾರೆ. ಕೇಬಲ್ ಅನ್ನು ಬೆಳಕಿಗೆ ಹಿಡಿದರೆ ಆ ಜಾಗ ಜಡೆಯ ಎಳೆ ಹೊರಳಿದಂತೆ ಕಾಣುತ್ತದೆ, ಎರಡೂ ಪಕ್ಕದಲ್ಲಿ ಸೀಳಿನ ಸಂದು ಇರುತ್ತದೆ. ಮಗುಚಿದಾಗ 10 ಇದ್ದ ಕಡೆ 16 ಬರುತ್ತದೆ, 11ರ ಕಡೆ 15, 12ರ ಕಡೆ 14. 13 ಮಾತ್ರ ತನ್ನ ಜಾಗದಲ್ಲೇ ಉಳಿಯುತ್ತದೆ.

ಇಲ್ಲಿ ನಾನು ಕಂಡುಕೊಂಡ ಸುಲಭ ಸೂತ್ರ: ಎಲ್ಲ ಜೋಡಿಗಳ ಮೊತ್ತ 26. ತಿರುಚಿನ ಆಚೆ ಒಂದು ಪಿನ್‌ಗೆ ಕಾರ್ಡ್‌ನ ಯಾವ ತಂತಿ ಬರುತ್ತದೆ ಎಂದು ತಿಳಿಯಲು ಆ ಪಿನ್ ಸಂಖ್ಯೆಯನ್ನು 26ರಿಂದ ಕಳೆಯಿರಿ. 12 ಬೇಕೆ? 26ರಲ್ಲಿ 12 ಹೋದರೆ 14, ಎ ಆಯ್ಕೆ. 16 ಬೇಕೆ? 26ರಲ್ಲಿ 16 ಹೋದರೆ 10, ಎ ಮೋಟಾರ್. ತುದಿಯಲ್ಲಿ ಕೂತ ಡ್ರೈವ್ ಅದೇ 12 ಮತ್ತು 16ಕ್ಕೆ ಕಿವಿಗೊಟ್ಟಿದ್ದರೂ ಅದಕ್ಕೆ ಕೇಳಿಸುವುದು ಎ ಡ್ರೈವ್‌ನ ಕರೆ. ಹೆಸರು ಇರುವುದು ಕೇಬಲ್‌ನಲ್ಲಿ, ಡ್ರೈವ್‌ನಲ್ಲಿ ಅಲ್ಲ. ಇದು ತಿಳಿದ ಕ್ಷಣದಲ್ಲಿ ಆದ ಸಂತೋಷವನ್ನು ಬಚ್ಚಿಡಲಾರೆ. ಜಂಪರ್ ಮುಟ್ಟದೆ, ಕನೆಕ್ಟರ್ ಅದಲು ಬದಲು ಮಾಡಿದರೆ ಸಾಕು, ಎ ಬಿ ಆಗುತ್ತದೆ, ಬಿ ಎ ಆಗುತ್ತದೆ. ಜೊತೆಗೆ ಪ್ರತಿ ಮೋಟಾರ್‌ಗೂ ಪ್ರತ್ಯೇಕ ಹತೋಟಿ ಸಿಕ್ಕಿತು. ಬೆಲೆ ತೆತ್ತದ್ದು ಒಂದೇ, ಒಂದು ಕೇಬಲ್‌ನಲ್ಲಿ ಎರಡಕ್ಕಿಂತ ಹೆಚ್ಚು ಡ್ರೈವ್ ಕೂರುವುದಿಲ್ಲ.

ಹೊತ್ತದ ದೀಪ

ಎರಡನೆಯ ಆಯ್ಕೆ ಎಂದು ಬರೆಯುತ್ತಾ ಬಂದೆ, ಡ್ರೈವ್‌ಗಳ ಮೇಲೆ ಅಚ್ಚಾಗಿರುವ ಡಿಎಸ್1 (ಡಿಎಸ್ ಎಂದರೆ ಡ್ರೈವ್ ಸೆಲೆಕ್ಟ್) ಎಂದು ಬರೆಯಲಿಲ್ಲ. ಕಾರಣವಿದೆ. ಕೆಲವು ತಯಾರಕರು ಡಿಎಸ್0ರಿಂದ ಡಿಎಸ್3ರವರೆಗೆ ಎಣಿಸುತ್ತಾರೆ, ಕೆಲವರು ಡಿಎಸ್1ರಿಂದ ಡಿಎಸ್4ರವರೆಗೆ. ಮೊದಲ ಗುಂಪಿನಲ್ಲಿ ಎರಡನೆಯದು ಡಿಎಸ್1, ಎರಡನೆಯ ಗುಂಪಿನಲ್ಲಿ ಡಿಎಸ್2. ನನ್ನ ಬಿ ಡ್ರೈವ್ ಮೊದಲ ಬಗೆಯದು, ಎ ಡ್ರೈವ್ ಎರಡನೆಯ ಬಗೆಯದು. ನಾನು ಎರಡರಲ್ಲೂ ಡಿಎಸ್1 ಎಂದು ಬರೆದ ಕಡೆ ಜಂಪರ್ ಹಾಕಿದ್ದೆ. ಹಾಗಾಗಿ ಎ ಡ್ರೈವ್ 12ಕ್ಕೆ ಬದಲು 10ನೇ ಪಿನ್‌ಗೆ ಕಿವಿಗೊಟ್ಟು ಕೂತಿತ್ತು.

26ರ ಸೂತ್ರವನ್ನು ಇಲ್ಲಿ ಹಾಕಿ ನೋಡಿ. 26ರಲ್ಲಿ 10 ಹೋದರೆ 16, ಅಂದರೆ ಬಿ ಮೋಟಾರ್. ನನ್ನ ಎ ಡ್ರೈವ್‌ಗೆ ಆಯ್ಕೆಯ ಸಂಕೇತವಾಗಿ ಬರುತ್ತಿದ್ದದ್ದು ಬಿ ಡ್ರೈವ್‌ನ ಮೋಟಾರ್ ಆಜ್ಞೆ! ಮೋಟಾರ್ ತಂತಿ ಮಾತ್ರ ಸರಿಯಾಗಿತ್ತು. ಯಂತ್ರ ಎ ಎಂದು ಕರೆದಾಗ ಮೋಟಾರ್ ತಿರುಗಿತು. ಆಯ್ಕೆ ಬರಲಿಲ್ಲ, ಆದ್ದರಿಂದ ದೀಪ ಹೊತ್ತಲಿಲ್ಲ, ಓದಲೂ ಇಲ್ಲ. ಬಿ ಎಂದು ಕರೆದಾಗ ಎರಡೂ ದೀಪ ಹೊತ್ತಿದವು. ಮೊದಲ ಸಂಜೆಯಿಡೀ ಎ ಡ್ರೈವ್ ಕೆಟ್ಟಿದೆ ಎಂದುಕೊಂಡು ಹೆಡ್ ಒರೆಸುತ್ತಾ ಕೂತಿದ್ದೆ. ಅದು ತನಗೆ ಹೇಳಿದ್ದನ್ನೇ ಪ್ರಾಮಾಣಿಕವಾಗಿ ಮಾಡುತ್ತಿತ್ತು. ಜಂಪರ್ ಅನ್ನು ಒಂದು ಮನೆ ಪಕ್ಕಕ್ಕೆ ಸರಿಸಿದೆ, ದೀಪ ಹೊತ್ತಿತು, ಹೆಡ್ ಕಟಕಟ ಎಂದು ಸರಿಯಿತು, ಡಾಸ್ ಮೇಲೆದ್ದಿತು.

ಜಂಪರ್ ಹೀಗೆ ತಪ್ಪಿರುವ ಸ್ಥಿತಿಯಲ್ಲಿ ಡ್ರೈವ್‌ಗಳಲ್ಲಿ ಬೇಕಾದ ಫ್ಲಾಪಿ ಬಿಟ್ಟು ಪರೀಕ್ಷೆ ಮಾಡಬೇಡಿ. ಎರಡು ಡ್ರೈವ್ ಒಟ್ಟಿಗೆ ಆಯ್ಕೆಯಾದಾಗ ಬರೆಯುವ ಆಜ್ಞೆಯೂ ಎರಡಕ್ಕೂ ತಲುಪುತ್ತದೆ. ಬರೆಯದಂತೆ ಅಂಚಿನ ಕಚ್ಚಿಗೆ ಪಟ್ಟಿ ಅಂಟಿಸಿದ, ಹೋದರೂ ಚಿಂತೆಯಿಲ್ಲದ ಫ್ಲಾಪಿ ಸಾಕು.

ದೀಪದ ಇನ್ನೊಂದು ಮಾತು. ಯಂತ್ರ ಹಚ್ಚಿದ ಕ್ಷಣದಿಂದ ದೀಪ ಆರದೆ ಉರಿಯುತ್ತಿದ್ದರೆ ಕನೆಕ್ಟರ್ ತಲೆಕೆಳಗಾಗಿದೆ. ತಿರುಗಿಸಿ ಚುಚ್ಚಿದಾಗ ಬೆಸ ತಂತಿಗಳ ಗ್ರೌಂಡ್ ಎಲ್ಲ ಸಮ ಪಿನ್‌ಗಳಿಗೆ ಬಂದು ಬೀಳುತ್ತದೆ. ಸೊನ್ನೆಗೆ ಇಳಿದರೆ ಆಜ್ಞೆ ಎಂದೆವಲ್ಲ, ಡ್ರೈವ್‌ಗೆ ಎಲ್ಲ ಆಜ್ಞೆಗಳೂ ಒಮ್ಮೆಲೇ ಬಂದಂತಾಗುತ್ತದೆ. ಕೇಬಲ್‌ನ ಬಣ್ಣದ ಅಂಚು 1ನೇ ಪಿನ್‌ನ ಕಡೆಗೆ ಇರಬೇಕು.

ಟರ್ಮಿನೇಟರ್

ಐದೂಕಾಲು ಇಂಚಿನ ಡ್ರೈವ್‌ಗಳಲ್ಲಿ ಚಿಪ್‌ನಂತೆ ಕಾಣುವ, ಸಾಕೆಟ್‌ನಲ್ಲಿ ಕೂತ ರೆಸಿಸ್ಟರ್ ಗುಚ್ಛ ಇರುತ್ತದೆ, ಅದೇ ಟರ್ಮಿನೇಟರ್. ಸಂಕೇತದ ತಂತಿಗಳನ್ನು 150 ಓಮ್ ಮೂಲಕ 5 ವೋಲ್ಟ್‌ಗೆ ಎಳೆದು ಹಿಡಿಯುವುದು ಅದರ ಕೆಲಸ. ಕೇಬಲ್‌ನ ತುದಿಯ ಡ್ರೈವ್‌ನಲ್ಲಿ, ಅಂದರೆ ಎ ಡ್ರೈವ್‌ನಲ್ಲಿ ಮಾತ್ರ ಅದನ್ನು ಉಳಿಸಿ, ಬಿ ಡ್ರೈವ್‌ನದನ್ನು ಕಿತ್ತು ಜೋಪಾನವಾಗಿಡಬೇಕು. ತಂತಿಯನ್ನು ಸೊನ್ನೆಗೆ ಇಳಿಸಲು ಒಂದು ಗುಚ್ಛವಿದ್ದರೆ ಸುಮಾರು 33 ಮಿಲಿಆಂಪ್ ಬೇಕು. ಎರಡೂ ಇದ್ದರೆ ರೋಧ 75 ಓಮ್‌ಗೆ ಇಳಿದು ಸುಮಾರು 67 ಬೇಕಾಗುತ್ತದೆ. ಈ ಕೆಲಸಕ್ಕೆ ಹೆಚ್ಚಾಗಿ ಬಳಸುತ್ತಿದ್ದ 7438ರಂಥ ಚಿಪ್‌ನ ಮಿತಿ 48. ಎಂದರೆ ಕೆಲವೊಮ್ಮೆ ನಡೆದು ಕೆಲವೊಮ್ಮೆ ಕೈಕೊಡುವ ಯಂತ್ರ ಸಿದ್ಧವಾಗುತ್ತದೆ. ಮೂರೂವರೆ ಇಂಚಿನ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಓಮ್‌ನ ರೆಸಿಸ್ಟರ್‌ಗಳನ್ನು ಒಳಗೇ ಕೂರಿಸಿರುತ್ತಾರೆ, ಕೀಳುವ ಪ್ರಶ್ನೆಯೇ ಇಲ್ಲ.

ಎಟಿ ಮತ್ತು ಅದರ ನಂತರ

1984ರ ಐಬಿಎಂ ಪಿಸಿ ಎಟಿಯಿಂದ ಸ್ವಿಚ್‌ಗಳ ಈ ಕೆಲಸ ಮುಗಿಯಿತು. ಬ್ಯಾಟರಿಯ ಆಸರೆಯಲ್ಲಿರುವ ಸಿಮಾಸ್ ನೆನಪಿನ ಒಂದೇ ಬೈಟ್‌ನಲ್ಲಿ ಎರಡೂ ಡ್ರೈವ್‌ಗಳ ಬಗೆ ಕೂರುತ್ತದೆ, ಮೇಲಿನ ಅರ್ಧ ಎಗೆ, ಕೆಳಗಿನ ಅರ್ಧ ಬಿಗೆ. 1 ಎಂದರೆ 360 ಕೆಬಿ, 2 ಎಂದರೆ 1.2 ಎಂಬಿ, 3 ಎಂದರೆ 720 ಕೆಬಿ, 4 ಎಂದರೆ 1.44 ಎಂಬಿ. ಬ್ಯಾಟರಿ ಸತ್ತರೆ ಈ ಬೈಟ್ ಕೂಡ ಹೋಗುತ್ತದೆ.

ಎಕ್ಸ್‌ಟಿ ಕಾಲದ ಕಾರ್ಡ್‌ಗೆ ಮೂರೂವರೆ ಇಂಚಿನ ಡ್ರೈವ್ ಸೇರಿಸುವ ಆಸೆ ಇರುವವರಿಗೆ: 720 ಕೆಬಿಯ ದತ್ತಾಂಶ ವೇಗ 360 ಕೆಬಿಯದೇ, ಸೆಕೆಂಡಿಗೆ 250 ಕಿಲೋಬಿಟ್. ಆದ್ದರಿಂದ ಅದು ನಡೆಯುತ್ತದೆ. 1.44 ಎಂಬಿಗೆ 500 ಬೇಕು, ಹಳೆಯ ಕಾರ್ಡ್‌ಗೆ ಅದು ಆಗದು. 720 ಕೆಬಿಗೆ ಡಾಸ್ 3.2 ಅಥವಾ ನಂತರದ್ದು ಬೇಕು. ಡಾಸ್ ಏಳುವಾಗ ಓದುವ ಕಾನ್ಫಿಗ್.ಸಿಸ್ ಕಡತದಲ್ಲಿ ಡ್ರೈವರ್.ಸಿಸ್ ಅನ್ನು ಕರೆದು, ಡಿ ಆಯ್ಕೆಗೆ 1, ಎಫ್ ಆಯ್ಕೆಗೆ 2 ಎಂದು ಕೊಟ್ಟರೆ ಎರಡನೆಯ ಡ್ರೈವ್ 720 ಕೆಬಿಯದು ಎಂದು ಡಾಸ್‌ಗೆ ತಿಳಿಯುತ್ತದೆ. ಅದು ಬಿ ಅಲ್ಲದೆ ಮುಂದಿನ ಖಾಲಿ ಅಕ್ಷರದಲ್ಲಿ ಕಾಣಿಸಿಕೊಳ್ಳುತ್ತದೆ.

ಎಟಿಯಲ್ಲಿ ಇನ್ನೊಂದು ಜಂಪರ್ ಮುಖ್ಯವಾಗುತ್ತದೆ. 34ನೇ ಪಿನ್ ಅಲ್ಲಿ ಫ್ಲಾಪಿ ಬದಲಾಯಿತು ಎಂಬ ಸುದ್ದಿಯನ್ನು ಕಾರ್ಡ್‌ಗೆ ಒಯ್ಯುತ್ತದೆ. ಬೇರೆ ಬಗೆಯ ಕಂಪ್ಯೂಟರ್‌ಗಳಿಗೆಂದು ಹೊಂದಿಸಿದ ಡ್ರೈವ್‌ಗಳಲ್ಲಿ ಅದೇ ಪಿನ್ ಡ್ರೈವ್ ಸಿದ್ಧ ಎಂಬ ಸಂಕೇತ ಕೊಡುತ್ತಿರಬಹುದು. ಆಗ ನೀವು ಫ್ಲಾಪಿ ಬದಲಿಸಿದರೂ ಡಾಸ್‌ಗೆ ತಿಳಿಯದೆ ಹಿಂದಿನ ಫ್ಲಾಪಿಯ ಕಡತಪಟ್ಟಿಯನ್ನೇ ತೋರಿಸಬಹುದು. ಆ ಹೊತ್ತಿನಲ್ಲಿ ಏನಾದರೂ ಬರೆದರೆ ಯಾವ ಕಡತ ಎಲ್ಲಿದೆ ಎಂದು ಹೇಳುವ ಹಳೆಯ ಫ್ಲಾಪಿಯ ಹಂಚಿಕೆ ಕೋಷ್ಟಕ ಹೊಸದರ ಮೇಲೆ ಬಿದ್ದು ಅದರ ಕಡತಗಳು ಹಾಳಾಗುತ್ತವೆ. ಆದ್ದರಿಂದ ಡ್ರೈವ್ ಕೂರಿಸಿದ ದಿನ ಮೊದಲ ಪರೀಕ್ಷೆ ಇದು: ಒಂದು ಫ್ಲಾಪಿಯ ಪಟ್ಟಿ ತೆಗೆಯಿರಿ, ಅದನ್ನು ಹೊರತೆಗೆದು ಬೇರೆಯದನ್ನು ಹಾಕಿ, ಮತ್ತೆ ಪಟ್ಟಿ ತೆಗೆಯಿರಿ. ಪರದೆಯ ಮೇಲೆ ಎರಡನೆಯ ಫ್ಲಾಪಿಯ ಹೆಸರುಗಳು ಬಂದ ಮೇಲೆಯೇ ಬರೆಯಲು ತೊಡಗಿ.