ಗೋಡೆಯ ಹುಲಿ: ಮೊದಲು ಕಾಗದ, ಆಮೇಲೆ ಕುಂಚ

"ಹತ್ತಿರದಲ್ಲಿ ಇದನ್ನು ರಿಪೇರಿ ಮಾಡುವವರು ಯಾರಾದರೂ ಇದ್ದಾರಾ?" ಕೊಡಗಿನಿಂದಲೋ ಮಲೆನಾಡಿನಿಂದಲೋ ನನಗೆ ಬರುವ ಫೋನುಗಳಲ್ಲಿ ಬಹುಪಾಲು ಇದೇ ಪ್ರಶ್ನೆ. ಹಿಂದೆಯೇ ವಾಟ್ಸಾಪಿಗೆ ಬೇಟೆಯ ಟ್ರೋಫಿಯ, ಅಂದರೆ ಚರ್ಮ ಹದಮಾಡಿ ಜೀವಂತದಂತೆ ನಿಲ್ಲಿಸಿದ ಪ್ರಾಣಿಯ ಫೋಟೊ ಬರುತ್ತದೆ: ಕಿವಿ ಮುರಿದ ಚಿರತೆ, ಮೂಗು ಬಿರಿದ ಹುಲಿ, ಒಂದು ಕೊಂಬು ಅಲುಗಾಡುವ ಕಾಟಿ (ಕಾಡುಕೋಣ). ಅಜ್ಜನ ಕಾಲದ್ದು, ಮಾರುವುದಕ್ಕಲ್ಲ, ಸ್ವಲ್ಪ ನೆಟ್ಟಗೆ ಮಾಡಿಕೊಟ್ಟರೆ ಸಾಕು ಅನ್ನುತ್ತಾರೆ. ಸಂಗ್ರಹಾಲಯದ ವಸ್ತುಗಳನ್ನು ಕಾಪಾಡುವುದು ನನ್ನ ವೃತ್ತಿಯಾದ್ದರಿಂದ ನನ್ನನ್ನು ಕೇಳುವುದು ಸಹಜವೇ.

ಒಂದು ಕಾಲದಲ್ಲಿ ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿತ್ತು: ಮೈಸೂರಿಗೆ ಕಳಿಸಿ. ಯೂಜೀನ್ ವ್ಯಾನ್ ಇಂಗೆನ್ 1900ರ ಸುಮಾರಿಗೆ ಶುರುಮಾಡಿದ ಟ್ಯಾಕ್ಸಿಡರ್ಮಿ, ಅಂದರೆ ಇಂಥ ಟ್ರೋಫಿಗಳನ್ನು ತಯಾರಿಸುವ ಕಾರ್ಖಾನೆಯನ್ನು ಅವರ ಮಕ್ಕಳು ಬೆಳೆಸಿದರು. ಮಹಾರಾಜರು, ವೈಸರಾಯರು, ಕಾಫಿ ತೋಟದ ದೊರೆಗಳು, ಎಲ್ಲರ ಬೇಟೆಯೂ ಅಲ್ಲಿಗೇ ಹೋಗುತ್ತಿತ್ತು. ಹುಲಿ ಚಿರತೆಗಳೇ 40,000ಕ್ಕೂ ಮೇಲೆ ಅಲ್ಲಿ ಹದವಾಗಿ ಹೊರಬಂದವು. ಕೈಚಳಕವನ್ನು ಮೆಚ್ಚಬೇಕು, ಲೆಕ್ಕ ಕೇಳಿದರೆ ಮಾತ್ರ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೆಲಸ ಇಳಿಯುತ್ತ ಬಂದು 1999ರಲ್ಲಿ ಬಾಗಿಲು ಮುಚ್ಚಿತು.

ಈಗ ಟ್ಯಾಕ್ಸಿಡರ್ಮಿ ವ್ಯಾಪಾರವನ್ನು ಲೈಸೆನ್ಸ್ ಇಲ್ಲದೆ ನಡೆಸುವಂತಿಲ್ಲ. ಹುಲಿ, ಚಿರತೆ, ಕಾಟಿಯಂಥ ಪರಿಶಿಷ್ಟ (ಕಾಯ್ದೆಯ ಪಟ್ಟಿಯಲ್ಲಿರುವ) ಪ್ರಾಣಿಗಳ ಟ್ರೋಫಿಗಳ ವ್ಯವಹಾರವನ್ನಂತೂ 1986ರ ತಿದ್ದುಪಡಿಯೇ ಮುಚ್ಚಿಹಾಕಿದೆ. ಹಾಗಾಗಿ "ನಮ್ಮೂರಲ್ಲಿ ಒಬ್ಬ ಕಲಾವಿದ ಇದ್ದಾನೆ, ಮಾಡಿಕೊಡುತ್ತಾನೆ" ಎಂದರೆ ಅವನನ್ನೂ ಸಿಕ್ಕಿಸಿ ನೀವೂ ಸಿಕ್ಕಿಬೀಳುವ ದಾರಿ. ನಾನು ಮೊದಲು ಕೇಳುವುದು ಬಿರುಕಿನ ವಿಷಯವನ್ನಲ್ಲ, ಮಾಲೀಕತ್ವದ ಪ್ರಮಾಣಪತ್ರವನ್ನು. ಅದು ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ಸಾಲದು. ವಾರಸುದಾರಿಕೆಯಿಂದ ಬಂದ ಟ್ರೋಫಿಯನ್ನು 90 ದಿನಗಳೊಳಗೆ ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಿಸಬೇಕು. ಮಾರುವ ಮಾತಂತೂ ಇಲ್ಲವೇ ಇಲ್ಲ. ಪತ್ರವೇ ಇಲ್ಲದಿದ್ದರೆ ಮೊದಲು ವಕೀಲರನ್ನು ಕಾಣಿ, ನನ್ನನ್ನಲ್ಲ. 2023ರಲ್ಲಿ ಹುಲಿಯುಗುರಿನ ಪದಕ ಧರಿಸಿದವರ ಮೇಲೆ ಕೇಸು ಬಿದ್ದ ಗದ್ದಲದ ನಂತರ ಈ ಮಾತನ್ನು ಬಿಡಿಸಿ ಹೇಳುವ ಕಷ್ಟ ನನಗೆ ತಪ್ಪಿದೆ.

ಕಾಗದ ಸರಿಯಿದೆ ಅಂದುಕೊಳ್ಳೋಣ. ಹೊಟ್ಟೆಯೊಳಗೆ ಹುಲ್ಲು ತುರುಕಿದ್ದಾರೆ ಎಂದೇ ಹಲವರು ನಂಬಿದ್ದಾರೆ. ಮೈಸೂರಿನ ಕೆಲಸದಲ್ಲಿ ಒಳಗಿರುವುದು ಅಚ್ಚಿನಲ್ಲಿ ಕಾಗದದ ಪದರಗಳನ್ನು ಅಂಟಿಸಿ ಮಾಡಿದ ಟೊಳ್ಳು ದೇಹ. ಅದರ ಮೇಲೆ ಹದಮಾಡಿದ ಚರ್ಮ, ಗಾಜಿನ ಕಣ್ಣು. ತೊಂದರೆ ಹುಟ್ಟುವುದೇ ಇಲ್ಲಿ. ಮಳೆಗಾಲದಲ್ಲಿ ಚರ್ಮ ತೇವ ಹೀರಿ ಸಡಿಲಾಗುತ್ತದೆ, ಬೇಸಿಗೆಯಲ್ಲಿ ಬಿಗಿಯುತ್ತದೆ. ಒಳಗಿನ ದೇಹ ಅದೇ ಲಯದಲ್ಲಿ ಅಲುಗುವುದಿಲ್ಲ. ವರ್ಷ ವರ್ಷದ ಈ ಎಳೆದಾಟದಲ್ಲಿ ಚರ್ಮ ತೆಳುವಾಗಿರುವ ಕಡೆ, ಅಂದರೆ ತುಟಿ, ಮೂಗು, ಕಣ್ಣಂಚು ಮತ್ತು ಹೊಲಿಗೆಯ ಗೆರೆಯಲ್ಲಿ ಬಿರುಕು ಬಿಡುತ್ತದೆ. ಅದಕ್ಕೆ ಎಂ-ಸೀಲ್ ಮೆತ್ತಿ ಪೇಂಟ್ ಹೊಡೆದವರಿದ್ದಾರೆ. ಮುಂದಿನ ಬೇಸಿಗೆಗೆ ಅದರ ಪಕ್ಕದಲ್ಲೇ ಇನ್ನೊಂದು ಬಿರುಕು ಗ್ಯಾರಂಟಿ, ಏಕೆಂದರೆ ಗಟ್ಟಿ ತೇಪೆ ಅಲುಗುವುದಿಲ್ಲ, ಚರ್ಮ ಅಲುಗುತ್ತದೆ. ಬೆಂಕಿಗೂಡಿನ ಮೇಲೆ ತಲೆ ತೂಗುಹಾಕುವ ಬಂಗಲೆ ಸಂಪ್ರದಾಯ ಇದೆಯಲ್ಲ, ಟ್ರೋಫಿಗೆ ಅದಕ್ಕಿಂತ ಕೆಟ್ಟ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ಬಿಸಿಲು ಬೀಳುವ ಕಿಟಕಿಯ ಎದುರು ಎರಡನೆಯದು. ಅಲ್ಲಿ ಹುಲಿಯ ಕೇಸರಿ ಬಣ್ಣ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಹೋದ ಬಣ್ಣವನ್ನು ಯಾರೂ ವಾಪಸು ತರಲಾರರು.

ಇನ್ನು ಧೂಳು ಒರೆಸುವ ಉತ್ಸಾಹ. ಹಳೆಯ ಚರ್ಮಗಳನ್ನು ಹುಳು ತಿನ್ನದಿರಲೆಂದು ಆರ್ಸೆನಿಕ್, ಅಂದರೆ ಪಾಷಾಣ ಬೆರೆಸಿದ ಸೋಪು ಬಳಿಯುವ ಪದ್ಧತಿ 18ನೇ ಶತಮಾನದಿಂದಲೇ ಇತ್ತು. ಆಮೇಲೆ ಪಾದರಸದ ಲವಣ, ಡಿಡಿಟಿಯೂ ಬಂದವು. ಪರೀಕ್ಷೆಯಾಗುವವರೆಗೆ ಹಳೆಯ ಟ್ರೋಫಿಯನ್ನು ವಿಷವೆಂದೇ ಎಣಿಸುವುದು ನಮ್ಮ ರೂಢಿ. ಕಿವಿಯ ಬುಡದಲ್ಲೋ ಹೊಲಿಗೆಯಲ್ಲೋ ಬಿಳಿ ಪುಡಿ ಕಂಡರೆ ಬೂಷ್ಟು ಎಂದು ಬಟ್ಟೆಯಲ್ಲಿ ಉಜ್ಜಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರೂ ಬೇಡ, ಅದು ಒಂದು ಕಡೆಯ ಪುಡಿಯನ್ನು ಇಡೀ ಕೋಣೆಗೆ ಹರಡುತ್ತದೆ. ಮುಟ್ಟಲೇಬೇಕಾದರೆ ನೈಟ್ರೈಲ್ ಕೈಗವಸು, ಎನ್-95 ಮಾಸ್ಕ್ ಇರಲಿ. ಹುಲಿಯ ಬೆನ್ನ ಮೇಲೆ ಮಗುವನ್ನು ಕೂರಿಸಿ ಫೋಟೊ ತೆಗೆಯುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ.

ಪಾಷಾಣವಿದ್ದರೂ ಹುಳು ಬರುತ್ತದೆ. ವಿಷ ಬಳಿದದ್ದು ಒಳಮೈಗೆ, ಮರಿಹುಳು ಮೇಯುವುದು ಹೊರಗಿನ ಕೂದಲನ್ನು. ಕೂದಲು ಕಂತೆಕಂತೆಯಾಗಿ ಉದುರುತ್ತಿದ್ದರೆ, ಕೆಳಗೆ ರವೆಯಂಥ ಹಿಕ್ಕೆ ಬಿದ್ದಿದ್ದರೆ, ಆ ಟ್ರೋಫಿಯನ್ನು ಬೇರೆ ಕೋಣೆಗೆ ಸಾಗಿಸಿ. ನುಸಿಗುಳಿಗೆ ನಂಬಬೇಡಿ. ಸಣ್ಣ ವಸ್ತುವಾದರೆ ಪಾಲಿಥೀನಿನಲ್ಲಿ ಗಾಳಿಯಾಡದಂತೆ ಸುತ್ತಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಡುತ್ತೇವೆ. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಕವರ್ ಬಿಚ್ಚುವುದಿಲ್ಲ, ಬಿಚ್ಚಿದರೆ ತಣ್ಣನೆಯ ಚರ್ಮದ ಮೇಲೆ ನೀರು ಕೂರುತ್ತದೆ. ಇದು ಅಡುಗೆಮನೆಯ ಫ್ರಿಜ್ಜಿನಲ್ಲಿ ಮಾಡುವ ಕೆಲಸವಲ್ಲ.

ಕಾಟಿಯ ಕೊಂಬು ಅಲುಗುವುದಕ್ಕೆ ಹೆದರಬೇಕಿಲ್ಲ. ಕೊಂಬು ಒಂದು ಚಿಪ್ಪು, ಒಳಗಿನ ಮೂಳೆ ಒಣಗಿ ಕುಗ್ಗಿದಾಗ ಸಡಿಲವಾಗುತ್ತದೆ, ಅಷ್ಟೆ. ಮರದ ಹಲಗೆಯ ಹಿಂದೆ ಹಳೆಯ ಚೀಟಿ ಇದ್ದರೆ ಕೀಳಬೇಡಿ. ಅರಣ್ಯ ಇಲಾಖೆ ಹಾಕಿದ ಗುರುತಿನ ಮೇಲೆ ವಾರ್ನಿಷ್ ಬಳಿಯಬೇಡಿ, ಆ ಗುರುತನ್ನು ಅಳಿಸುವುದೇ ಅಪರಾಧ.

ಇತ್ತೀಚೆಗೆ ಮಾತ್ರ ಬೇರೊಂದು ಬಗೆಯ ಫೋನ್ ಹೆಚ್ಚುತ್ತಿದೆ: "ನಮಗಿದು ಬೇಡ ಸರ್, ಮಕ್ಕಳು ಹೆದರುತ್ತಾರೆ, ಸುಟ್ಟುಬಿಡಲಾ?" ಸುಡಬೇಡಿ, ಪಾಷಾಣದ ಹೊಗೆ ನಿಮ್ಮ ಅಂಗಳದಲ್ಲೇ ಏಳುತ್ತದೆ. ತೋಟದ ಗುಂಡಿಗೂ ಹಾಕಬೇಡಿ. ಪ್ರಮಾಣಪತ್ರವಿದ್ದರೂ ಇಟ್ಟುಕೊಳ್ಳಲು ಮನಸ್ಸಿಲ್ಲದವರಿಗೆ 2022ರ ತಿದ್ದುಪಡಿಯಲ್ಲಿ ದಾರಿ ಇದೆ. ಮುಖ್ಯ ವನ್ಯಜೀವಿ ಪರಿಪಾಲಕರಿಗೆ ನೋಟಿಸ್ ಕೊಟ್ಟು ಒಪ್ಪಿಸಬಹುದು. ಪರಿಹಾರ ಸಿಗುವುದಿಲ್ಲ. ಒಪ್ಪಿಸುವ ಮುನ್ನ ಎಲ್ಲ ಮಗ್ಗುಲಿನಿಂದ ಫೋಟೊ ತೆಗೆದಿಡಿ, ಒಪ್ಪಿಸಿದ್ದಕ್ಕೆ ರಸೀದಿ ಕೇಳಿ ಪಡೆಯಿರಿ.